ತಾರೀಖು ಕೇಳಿರಿ: ಹಾವೇರಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬ್ಯಾಡಗಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಹಾವೇರಿ.

ಮಾನ್ಯರೆ,

ವಿಷಯ: ಮುಟ್ಟಿಗೆ ಮುಂಚಿನ ವಾರದ ತ್ರಾಸಿನ ಬಗ್ಗೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಸೋಮವಾರ, ಗುರುವಾರ ಪೇಟೆ. ಸುಗ್ಗಿಯಲ್ಲಿ ಆ ಎರಡು ದಿನ ಊರಿಗೆ ಊರೇ ಸೀನುತ್ತಿರುತ್ತದೆ. ಬಳ್ಳಾರಿ, ರಾಯಚೂರು ಕಡೆಯಿಂದ ರಾತ್ರಿಯಿಡೀ ಲಾರಿಯಲ್ಲಿ ಬಂದ ರೈತರು ಸಂಜೆ ಪಟ್ಟಿ ಕೈಗೆ ಸಿಗುವವರೆಗೆ ಅಂಗಡಿಯ ಕಟ್ಟೆ ಬಿಟ್ಟು ಏಳುವುದಿಲ್ಲ. ಆ ಪಟ್ಟಿ ಮಾಡುವವಳು ನಾನು. ಲಾಟ್ ನಂಬರು, ಚೀಲ, ತೂಕ, ದರ, ಹಮಾಲಿ, ಕೊನೆಗೆ ಕೈಗೆ ಬರುವ ರೊಕ್ಕ.

ಮೂರು ವರ್ಷದ ಹಿಂದೆ, ಫೆಬ್ರುವರಿಯ ಒಂದು ಸೋಮವಾರ, ಎರಡು ಲಾಟಿನ ತೂಕ ಅದಲುಬದಲಾಗಿ ಬರೆದೆ. ಡಬ್ಬಿ, ಕಡ್ಡಿ ಅಂದರೆ ನಮ್ಮ ಮೆಣಸಿನಕಾಯಿಯ ಎರಡು ತಳಿ. ಡಬ್ಬಿ ತಂದವರಿಗೆ ಕಡ್ಡಿಯ ತೂಕ, ಕಡ್ಡಿ ತಂದವರಿಗೆ ಡಬ್ಬಿಯದು. ಹಣ್ಣಹಣ್ಣು ಮುದುಕರೊಬ್ಬರು ಪಟ್ಟಿಯನ್ನು ದೀಪದ ಬೆಳಕಿಗೆ ಹಿಡಿದು ನೋಡಿ, "ಅಕ್ಕಾರ, ಇದರಾಗ ನಂದು ತೂಕ ಕಮ್ಮಿ ಬಂದೈತಿ ನೋಡ್ರಿ" ಅಂದರು. ಅಷ್ಟೇ. ತಿದ್ದುವುದಕ್ಕೆ ಎರಡು ನಿಮಿಷದ ಕೆಲಸ. ನಾನು ಪೆನ್ನು ಬಿಸಾಕಿ, ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತೆ. ಹಮಾಲರು ಚೀಲ ಕೆಳಗಿಟ್ಟು ನಿಂತರು. ಸಾಹುಕಾರ್ರು ಫೋನ್ ಕಿವಿಯಿಂದ ತೆಗೆದರು. ಮುದುಕರು ಗಾಬರಿಯಾಗಿ, "ಯವ್ವಾ, ರೊಕ್ಕ ಹೋಗಿದ್ದು ನಂದು, ಅಳಾಕ ಹತ್ತೀದಿ ನೀನು" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಬುಧವಾರ ಬೆಳಿಗ್ಗೆ ಹೊರಗಾದೆ. ಮಧ್ಯಾಹ್ನದ ಹೊತ್ತಿಗೆ ತಲೆಗೆ ಬಿಗಿದ ಹಗ್ಗ ಯಾರೋ ಬಿಚ್ಚಿದ ಹಾಗೆ ಹಗುರಾಯಿತು. ಆಗಲೂ ಸೋಮವಾರಕ್ಕೂ ಬುಧವಾರಕ್ಕೂ ನಂಟು ಇದೆ ಅಂತ ನನಗೆ ಹೊಳೆಯಲಿಲ್ಲ. ದಿನವೂ ತಾರೀಖು ಬರೆದೇ ಕೆಲಸ ಶುರು ಮಾಡುವವಳಿಗೆ ಹೊಳೆಯಲಿಲ್ಲ ಅಂದರೆ ಉಳಿದವರ ಪಾಡು ನೀವೇ ಅಂದಾಜು ಮಾಡಿ.

ನಮ್ಮ ಕಡೆ ಮುಟ್ಟಿಗೆ ಹೆಸರಿಗೇನು ಬರವಿಲ್ಲ. ಹೊರಗಾದಳು, ಕಡಿಗಾದಳು, ಕಾಗಿ ಮುಟ್ಟಿತು, ತಿಂಗಳಾಯಿತು. ಈಗಿನ ಹುಡುಗಿಯರು ಡೇಟ್ ಆಯಿತು ಅನ್ನುತ್ತಾರೆ. ಆ ದಿನಗಳಿಗೆ ಹೆಸರಿದೆ, ಮಡಿ-ಮೈಲಿಗೆ ಇದೆ, ಪ್ಯಾಡ್ ಇದೆ, ಈಗ ಸರ್ಕಾರದ ರಜೆಯೂ ಇದೆ. ಅದಕ್ಕೆ ಮುಂಚಿನ ಏಳೆಂಟು ದಿನಕ್ಕೆ ಮಾತ್ರ ಒಂದು ಹೆಸರೂ ಇಲ್ಲ. ಆ ದಿನಗಳಲ್ಲಿ ಹೆಂಗಸಿಗೇ ಹೆಸರಿಡುತ್ತಾರೆ: ಸಿಡುಕಿ, ತಲಿತಿರುಕಿ, ಗಂಡನ ಮನೆ ಉದ್ಧಾರ ಮಾಡದವಳು. ಈ ಪತ್ರ ಆ ಹೆಸರಿಲ್ಲದ ವಾರದ ಬಗ್ಗೆ.

ಆ ವಾರ ನನಗೆ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಎದೆ ಬಿಗಿದು, ಕುಪ್ಪಸ ತಾಕಿದರೂ ನೋಯುತ್ತದೆ. ಕಾಲು ಊದಿ ಸಂಜೆಗೆ ಚಪ್ಪಲಿ ಹಿಡಿಯುತ್ತದೆ, ಬಳೆ ಮೊಣಕೈ ಕಡೆಗೆ ಸರಿಯುವುದಿಲ್ಲ. ರಾತ್ರಿ ಮೂರಕ್ಕೆ ಎಚ್ಚರಾಗಿ ಬಿಟ್ಟರೆ ಬೆಳಗಿನ ತನಕ ಹಳೆಯ ಜಗಳಗಳೆಲ್ಲ ಸಾಲಾಗಿ ಬಂದು ಎದುರು ನಿಲ್ಲುತ್ತವೆ. ಸಪ್ಪಳ ಮಾತ್ರ ತಡೆಯುವುದಕ್ಕೇ ಆಗುವುದಿಲ್ಲ. ಒಂದು ಸಂಜೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು, ನಮ್ಮ ಓಣಿಯಲ್ಲಿ ಹೊತ್ತು ಮುಳುಗುವುದೇ ಆ ತಾಳಕ್ಕೆ. ಅವತ್ತು ಒಂದೊಂದು ಏಟೂ ನನ್ನ ನೆತ್ತಿಯ ಮೇಲೆ ಬಿದ್ದ ಹಾಗಾಯಿತು. "ಸಾಕ್ ನಿಲ್ಲಸ್ರೀ ಅತ್ತೀ!" ಅಂತ ಕಿರುಚಿದೆ. ಅವರು ಹಿಟ್ಟಿನ ಕೈ ಮೇಲೆತ್ತಿಕೊಂಡೇ ತಿರುಗಿ ನೋಡಿದರು. ತವಾದ ಮೇಲಿನ ರೊಟ್ಟಿ ಕರಕಾಯಿತು. ಮಗಳು ಪಾಟಿಚೀಲ ಎತ್ತಿಕೊಂಡು ಸದ್ದಿಲ್ಲದೆ ಹೊರಗೆ ಹೋದಳು. ಆ ಮಗುವಿನ ನಡಿಗೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಮನೆಯವರು ಅಮಾವಾಸ್ಯೆ ಅಂದರು. ಅಮಾಸಿ ಹತ್ತಿರ ಬಂದರೆ ಇಕಿಗೆ ಹಿಂಗ ಆಗತೈತಿ ಅಂತ ದೇವರಗುಡ್ಡಕ್ಕೆ ಕರೆದುಕೊಂಡು ಹೋಗಿ ಭಂಡಾರ ಹಚ್ಚಿಸಿದರು. ನಾನೂ ಭಕ್ತಿಯಿಂದಲೇ ಹೋದೆ, ಅದರಲ್ಲಿ ನನಗೇನೂ ಬೇಸರವಿಲ್ಲ. ಆಮೇಲೆ ದವಾಖಾನೆಗಳು. ಒಂದು ಕಡೆ ಗ್ಯಾಸಿನ ಗುಳಿಗೆ, ಇನ್ನೊಂದು ಕಡೆ ಶಕ್ತಿಗೆ ಅಂತ ಸಲೈನ್. ಥೈರಾಯ್ಡ್ ನೋಡಿದರು, ಸ್ಕ್ಯಾನ್ ಮಾಡಿದರು, ಹಿಮೊಗ್ಲೋಬಿನ್ ಸ್ವಲ್ಪ ಕಡಿಮೆ ಅಂತ ಕಬ್ಬಿಣದ ಗುಳಿಗೆ ಕೊಟ್ಟರು. ಕೊಡಬೇಕಾದದ್ದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧ ಜನಕ್ಕೆ ರಕ್ತ ಕಡಿಮೆ. ಆದರೆ ಕಬ್ಬಿಣದ ಗುಳಿಗೆ ಬರೆದಲ್ಲಿಗೆ ವಿಚಾರಣೆ ಮುಗಿದು ಹೋಗುತ್ತಿತ್ತು. ಒಬ್ಬ ಡಾಕ್ಟರು, "ಇನ್ನೊಂದು ಮಗು ಮಾಡ್ಕೋರಿ, ಎಲ್ಲಾ ಸರಿ ಹೋಗತೈತಿ" ಎಂದರು. ಬಿಲ್ಲು ಕಟ್ಟಿ ಬಂದೆ.

ಇಷ್ಟು ಮಂದಿಯಲ್ಲಿ ಒಬ್ಬರೂ ನನ್ನನ್ನು ಒಂದು ಮಾತು ಕೇಳಲಿಲ್ಲ: ಹಿಂದಿನ ಸಲ ಮುಟ್ಟಾದದ್ದು ಎಷ್ಟನೇ ತಾರೀಖಿಗೆ, ಈ ಸಿಟ್ಟು, ಅಳು ಶುರುವಾದದ್ದು ಎಷ್ಟನೇ ತಾರೀಖಿಗೆ? ತಾರೀಖಿಲ್ಲದ ಚೀಟಿಯನ್ನು ನಾನು ಕೀರ್ದಿಗೆ, ಅಂದರೆ ದಿನದ ಲೆಕ್ಕದ ಪುಸ್ತಕಕ್ಕೆ, ಹತ್ತಿಸುವುದಿಲ್ಲ.

ಕೇಳಿದವರು ಹುಬ್ಬಳ್ಳಿಯ ಒಬ್ಬ ವೈದ್ಯೆ. ಮೋಟೆಬೆನ್ನೂರಿಗೆ ಹೋಗಿ ಬಸ್ಸು ಹಿಡಿದು ಹೋಗಿದ್ದೆ, ಹೋದದ್ದು ಮಗಳ ಟಾನ್ಸಿಲ್‌ಗೆ. ಜೊತೆಗೆ ನನ್ನದೂ ತೋರಿಸಿದೆ. ಅವರು ಔಷಧಿ ಬರೆಯಲಿಲ್ಲ. ಎರಡು ತಿಂಗಳು ದಿನಾ ರಾತ್ರಿ ಬರೆದಿಡು, ಆಮೇಲೆ ಬಾ ಅಂದರು. ನೆನಪಿನ ಮೇಲೆ ಹೇಳಿದ್ದು ನಂಬುವ ಹಾಗಿಲ್ಲ, ಅವತ್ತಿನದು ಅವತ್ತೇ ಬರೆದಿರಬೇಕು ಅಂತ ತಾಕೀತು ಮಾಡಿದರು. ಥೇಟ್ ನಮ್ಮ ಸಾಹುಕಾರ್ರ ಮಾತು.

ದೀಪಾವಳಿ ಪಾಡ್ಯಕ್ಕೆ ಪೂಜೆ ಮಾಡಿದ ಕೀರ್ದಿಗಳಲ್ಲಿ ಒಂದು ಉಳಿದಿತ್ತು. ತಲೆಗೆ ಶ್ರೀ ಹಾಕಿ ಶುರು ಮಾಡಿದೆ. ಮುಟ್ಟಾದ ದಿನ ಒಂದನೇ ದಿನ. ಸಿಟ್ಟಿಗೆ ಸಿ, ಅಳುವಿಗೆ ಅ, ನಿದ್ದೆಗೆಟ್ಟರೆ ನಿ, ಊತಕ್ಕೆ ಊ, ಎದೆನೋವಿಗೆ ಎ. ಪಕ್ಕದಲ್ಲಿ ಸೊನ್ನೆಯಿಂದ ಮೂರರ ತನಕ ಅಂಕಿ. ಎರಡು ತಿಂಗಳಿಗೆ ನಿಲ್ಲಿಸಲು ಮನಸ್ಸು ಬರಲಿಲ್ಲ, ಈಗ ಎರಡು ವರ್ಷದ ಲೆಕ್ಕ ಇದೆ.

ಏನು ಸಿಕ್ಕಿತು ಕೇಳಿ. ಒಂದರಿಂದ ಹದಿನೆಂಟನೇ ದಿನದ ತನಕ ಬಹುತೇಕ ಸೊನ್ನೆ. ಇಪ್ಪತ್ತರಿಂದ ಏರು. ಇಪ್ಪತ್ತೈದಕ್ಕೆ ಸಾಲು ಪೂರಾ ಮೂರು, ಮೂರು, ಮೂರು. ಮುಟ್ಟಾದ ಎರಡನೇ ದಿನಕ್ಕೆ ಮತ್ತೆ ಸೊನ್ನೆ. ಅಮಾವಾಸ್ಯೆಯ ವಾದವೂ ಬಿದ್ದು ಹೋಯಿತು. ನನ್ನದು 27 ದಿನದ ಸುತ್ತು, ಅಮಾವಾಸ್ಯೆಯದು ಇಪ್ಪತ್ತೊಂಬತ್ತೂವರೆ. ಮೊದಲ ತಿಂಗಳು ಎರಡೂ ಜೊತೆಯಾಗಿ ಬಂದಿದ್ದವು. ನಾಲ್ಕು ಸುತ್ತು ಮುಗಿಯುವ ಹೊತ್ತಿಗೆ ಹತ್ತು ದಿನದ ಅಂತರ. ಮನೆಯವರು ಕೀರ್ದಿ ನೋಡಿ, "ಹೌದಲ್ಲಾ" ಅಂದು ಸುಮ್ಮನಾದರು.

ನನಗೆ ಇದಕ್ಕಿಂತ ದೊಡ್ಡ ಅಚ್ಚರಿ ಬೇರೆ ಇತ್ತು. ಹತ್ತನೇ ದಿನ, ಹನ್ನೆರಡನೇ ದಿನ ಅಂತ ಎಲ್ಲೆಲ್ಲೋ ಒಂಟಿ ಮೂರುಗಳು ಸಿಕ್ಕವು. ಕ್ಯಾಲೆಂಡರ್ ಜೊತೆ ತಾಳೆ ನೋಡಿದರೆ ಅವೆಲ್ಲ ಸಂಘದ ಕಂತು ಕಟ್ಟುವ ದಿನಗಳು. ಅಂದರೆ ನನ್ನ ಸಿಟ್ಟೆಲ್ಲ ಹಾರ್ಮೋನಿನದಲ್ಲ, ಸಾಲದ್ದೂ ಇದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಈಗ ಓದಿದ ಗಂಡಸರು ಹೆಂಡತಿ ಬಾಯಿ ತೆರೆದರೆ ಸಾಕು, "ಡೇಟ್ ಹತ್ತಿರ ಬಂತೇನು?" ಅಂತ ನಗುವುದನ್ನು ಕಲಿತಿದ್ದಾರೆ. ತಾರೀಖು ಕೇಳಬೇಕು ಅಂತ ನಾನು ಹೇಳುವುದು ಬಾಯಿ ಮುಚ್ಚಿಸುವುದಕ್ಕೆ ಕೇಳುವ ಆ ತಾರೀಖಲ್ಲ. ಇಪ್ಪತ್ತೈದನೇ ದಿನ ನಾನು ಮನೆಯವರಿಗೆ ಕೂಗಿ ಹೇಳಿದ್ದು, ನೀವು ಒಂದು ದಿನವೂ ಮಗಳ ಶಾಲೆಯ ಕಡೆ ಹೋಗಿಲ್ಲ ಅಂತ. ಅದು ಐದನೇ ದಿನವೂ ಸತ್ಯವೇ. ಐದನೇ ದಿನ ನುಂಗಿಕೊಂಡಿರುತ್ತೇನೆ, ಅಷ್ಟೇ ವ್ಯತ್ಯಾಸ.

ಕೀರ್ದಿ ನೋಡಿ ವೈದ್ಯೆ ತಿಳಿಸಿ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ, ನಿಮಗೆ ಗೊತ್ತಿರುವುದೇ, ಓದುವ ಅಕ್ಕತಂಗಿಯರಿಗಾಗಿ. ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಅಂಡ ಹೊರಬೀಳುತ್ತದೆ. ಅಲ್ಲಿಂದ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರಿ, ಮುಟ್ಟಿಗೆ ಮುಂಚೆ ಸರ್ರನೆ ಇಳಿಯುತ್ತದೆ. ಈ ಏರಿಳಿತ ಎಲ್ಲ ಹೆಂಗಸರಲ್ಲೂ ಇದ್ದದ್ದೇ. ಕೆಲವರ ಮಿದುಳು ಮಾತ್ರ ಅದಕ್ಕೆ ಬೇರೆ ಥರ ಸ್ಪಂದಿಸುತ್ತದೆ. ಮನಸ್ಸನ್ನು ಸಮಾಧಾನದಲ್ಲಿಡುವ ಸೆರೊಟೊನಿನ್ ಮುಂತಾದವುಗಳ ಕೆಲಸ ಆ ದಿನಗಳಲ್ಲಿ ಏರುಪೇರಾಗುತ್ತದೆ. ಅದಕ್ಕೇ ಹಿಮೊಗ್ಲೋಬಿನ್ ಒಂದು ಬಿಟ್ಟರೆ ನನ್ನ ರಕ್ತಪರೀಕ್ಷೆಗಳೆಲ್ಲ ನಾರ್ಮಲ್ ಬಂದದ್ದು: ಹಾರ್ಮೋನಿನ ಮಟ್ಟದಲ್ಲಿ ದೋಷವೇ ಇರಲಿಲ್ಲ. ನಾರ್ಮಲ್ ಎಂಬ ಆ ಒಂದು ಶಬ್ದ ಎಷ್ಟು ಮನೆಗಳಲ್ಲಿ "ಏನೂ ಇಲ್ಲ, ನಾಟಕ ಮಾಡ್ತಾಳ" ಅಂತ ಅನುವಾದವಾಗಿದೆಯೋ.

ವೈದ್ಯರು ಇದನ್ನು ಪಿಎಂಎಸ್, ಅಂದರೆ ಪ್ರಿಮೆನ್‌ಸ್ಟ್ರುಯಲ್ ಸಿಂಡ್ರೋಮ್, ಅನ್ನುತ್ತಾರೆ. ಇಂಗ್ಲೆಂಡಿನ ಇಬ್ಬರು ವೈದ್ಯರು 1953ರಲ್ಲೇ ಆ ಹೆಸರಿಟ್ಟು ಬರೆದಿದ್ದಾರೆ. ಬದುಕೇ ಬೇಡ ಅನ್ನಿಸುವಷ್ಟು ತೀವ್ರವಾದ ರೂಪಕ್ಕೆ ಪಿಎಂಡಿಡಿ ಎಂದು ಹೆಸರು. ಅದು ನೂರರಲ್ಲಿ ಮೂರರಿಂದ ಎಂಟು ಮಂದಿಗೆ ಇರುತ್ತದೆ ಅಂತ ವೈದ್ಯರ ಪುಸ್ತಕಗಳು ಹೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ, 2022ರ ಜನವರಿಯಿಂದ ಜಾರಿಯಲ್ಲಿರುವ ಐಸಿಡಿ-11ರಲ್ಲಿ, ಪಿಎಂಡಿಡಿಗೆ ಜಾಗ ಸಿಕ್ಕಿದೆ. ಸ್ತ್ರೀರೋಗಗಳಿರುವ ಅಧ್ಯಾಯದಲ್ಲೂ ಇದೆ, ಖಿನ್ನತೆಯ ಗುಂಪಿನಲ್ಲೂ ಹೆಸರಿದೆ. ಆ ಸಂಸ್ಥೆಯ ಕಚೇರಿ ಇರುವ ಜಿನೀವಾದಲ್ಲಿ ಎರಡೂ ಕಡೆ ಇಟ್ಟದ್ದು ನಮ್ಮ ತಾಲೂಕು ಆಸ್ಪತ್ರೆಯ ಚೀಟಿ ಕಿಟಕಿಯ ಎದುರು ಎರಡೂ ಕಡೆ ಇಲ್ಲದ ಹಾಗಾಗಿದೆ. "ಏನ್ ತ್ರಾಸು?" ಅಂತ ಕೇಳಿದರೆ ಹಿಂದೆ ಹತ್ತು ಜನ ನಿಂತಿರುವಾಗ ಹೆಂಗಸು ಏನು ಹೇಳಬೇಕು? ತಲೆನೋವು ಅನ್ನುತ್ತಾಳೆ. ತಲೆನೋವಿನ ಗುಳಿಗೆ ತೊಗೊಂಡು ಹೋಗುತ್ತಾಳೆ.

ನಾನು ಹೇಗೆ ಸುಧಾರಿಸಿಕೊಂಡೆ ಅಂತ ಕೇಳಿದರೆ ದೊಡ್ಡ ಕಥೆಯೇನಿಲ್ಲ. ಹತ್ತೊಂಬತ್ತನೇ ದಿನದಿಂದ ಉಪ್ಪಿನಕಾಯಿ, ಸಂಜೆಯ ಮಿರ್ಚಿ ಭಜಿ ಬಿಟ್ಟೆ, ಊತ ಕಡಿಮೆಯಾಯಿತು. ಅಂಗಡಿಯಲ್ಲಿ ದಿನಕ್ಕೆ ಎಂಟು ಸಲ ಬರುತ್ತಿದ್ದ ಚಹಾ ಮೂರಕ್ಕೆ ಇಳಿಸಿದೆ, ನಿದ್ದೆ ಬಂತು. ಬೆಳಿಗ್ಗೆ ಮುಕ್ಕಾಲು ತಾಸು ನಡೆಯುತ್ತೇನೆ. ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟಾಗ ಈ ಲಕ್ಷಣಗಳು ಇಳಿದವು ಅಂತ ಅಮೆರಿಕದ ಒಂದು ಅಧ್ಯಯನ 1998ರಲ್ಲಿ ತೋರಿಸಿದೆಯಂತೆ. ನಾನು ಮೊಸರು, ಎಳ್ಳಿನ ಚಟ್ನಿ ಹೆಚ್ಚು ಮಾಡಿಕೊಂಡೆ, ಸ್ವಲ್ಪ ದಿನ ವೈದ್ಯೆ ಹೇಳಿದ ಗುಳಿಗೆಯನ್ನೂ ತೊಗೊಂಡೆ. ಆ ವಾರದಲ್ಲಿ ಪೇಟೆ ದಿನ ಬಂದರೆ ನನ್ನ ಪಟ್ಟಿಯನ್ನು ಇನ್ನೊಬ್ಬ ಗುಮಾಸ್ತನಿಗೆ ತೋರಿಸಿಯೇ ಕೈಬಿಡುತ್ತೇನೆ. ಯಾಕೆ ಅಂತ ಅವನು ಕೇಳಿಲ್ಲ, ನಾನು ಹೇಳಿಲ್ಲ. ಇದರಿಂದ ಆಗದವರಿಗೆ ಖಿನ್ನತೆಗೆ ಕೊಡುವ ಕೆಲವು ಗುಳಿಗೆಗಳನ್ನು ಬರೀ ಮುಟ್ಟಿಗೆ ಮುಂಚಿನ ಹದಿನಾಲ್ಕು ದಿನ ಕೊಟ್ಟರೂ ಗುಣ ಕಾಣುತ್ತದೆ. ಅದು ವೈದ್ಯರು ನೋಡಿ ಕೊಡಬೇಕಾದದ್ದು, ಔಷಧಿ ಅಂಗಡಿಯವನು ಅಲ್ಲ.

ರೊಟ್ಟಿಯ ಸಂಜೆಯಾದ ಎಷ್ಟೋ ತಿಂಗಳ ಮೇಲೆ ಅತ್ತೆಗೆ ಕೀರ್ದಿ ತೋರಿಸಿದೆ. ಅವರಿಗೆ ಓದು ಬರುವುದಿಲ್ಲ, ಕೆಂಪು ಶಾಯಿ ಎಲ್ಲಿ ದಟ್ಟವಾಗಿದೆ ಅಂತ ಬೆರಳಿಟ್ಟು ನೋಡಿದರು. ಆಮೇಲೆ, "ನನಗೂ ಹಂಗ ಆಗತಿತ್ತವಾ. ನಾ ಎಮ್ಮಿ ಮೈ ತೊಳಿಯಾಕ ಕೆರಿಗೆ ಹೊಕ್ಕಿದ್ದೆ. ದಿನಾ ತೊಳದು ತೊಳದು ಆ ಎಮ್ಮಿಗೇ ಬ್ಯಾಸರ ಆಗಿತ್ತು" ಅಂದರು. ನಲವತ್ತು ವರ್ಷ ಯಾರಿಗೂ ಹೇಳಿರದ ಮಾತು. ಅವರ ಅತ್ತೆಗೆ ಅದು ಸೊಸೆಯ ಸೋಮಾರಿತನವಾಗಿ ಕಂಡಿತ್ತು.

ಇನ್ನು ರಜೆಯ ವಿಷಯ. 2025ರ ಅಕ್ಟೋಬರ್ 9ರಂದು ರಾಜ್ಯ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿತು. ಒಳ್ಳೆಯದಾಯಿತು, ಯಾರೇನೇ ಕೊಂಕು ನುಡಿಯಲಿ. ಆದರೆ ನಮ್ಮ ಊರಿಗೆ ಬಂದು ನೋಡಿ. ವಖಾರಿಗಳಲ್ಲಿ ಸಾಲಾಗಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಬಿಡಿಸಿದಷ್ಟು ರೊಕ್ಕ. ಅವರಿಗೆ ಯಾರು ರಜೆ ಕೊಡಬೇಕು, ಯಾವ ಸಂಬಳ ಸಹಿತ? ಬುತ್ತಿ ಬಿಚ್ಚಿದ ಹೊತ್ತಿನಲ್ಲಿ ಅವರ ಜೊತೆ ಕೂತು ನನ್ನ ಕೀರ್ದಿಯ ಸುದ್ದಿ ತೆಗೆದಿದ್ದೆ. "ಅಕ್ಕಾರ, ನಮಗ ತಿಂಗಳ ಪೂರ್ತಿ ಹಂಗ ಇರತೈತ್ರಿ" ಅಂತ ಒಬ್ಬಳು ನಗಿಸಿದಳು. ಆದರೆ ಏಳುವಾಗ ಇನ್ನೊಬ್ಬಳು ಉರಿಯುವ ಕೈಗೆ ಎಣ್ಣೆ ಸವರಿಕೊಳ್ಳುತ್ತಾ ಮೆಲ್ಲಗೆ, "ಬರಿಯಾಕ ಬರದವರು ಹೆಂಗ ಬರೀಬೇಕ್ರಿ?" ಎಂದಳು. ಈಗ ಅವಳ ಮನೆಯ ಬಾಗಿಲ ಹಿಂದೆ ಹಾಲಿನ ಲೆಕ್ಕದ ಗೆರೆಗಳ ಪಕ್ಕ ಇನ್ನೊಂದು ಸಾಲು ಇದೆ. ಚಲೋ ದಿನಕ್ಕೆ ಸುಣ್ಣದ ಬೊಟ್ಟು, ತ್ರಾಸಿನ ದಿನಕ್ಕೆ ಇದ್ದಿಲ ಗೆರೆ, ಹೊರಗಾದ ದಿನ ಕುಂಕುಮ. ಮೂರು ತಿಂಗಳಾದ ಮೇಲೆ ಅವಳೇ ಕಂಡುಕೊಂಡಳು: ಕುಂಕುಮಕ್ಕಿಂತ ಮುಂಚೆ ಪ್ರತಿ ಸಲ ಇದ್ದಿಲು.

ನಿಮ್ಮನ್ನು ನಾನು ಕೇಳುವುದು ಇಂಥದ್ದನ್ನೇ. ಬಸುರಿಯಾದರೆ ನಮಗೆ ತಾಯಿ ಕಾರ್ಡ್ ಇದೆ. ತೂಕ, ಬಿಪಿ, ಸೂಜಿ ಎಲ್ಲದಕ್ಕೂ ಅದರಲ್ಲಿ ಮನೆ ಹಾಕಿದ್ದಾರೆ. ಬಸುರಿಲ್ಲದ ತಿಂಗಳುಗಳಿಗೆ ಯಾವ ಕಾರ್ಡೂ ಇಲ್ಲ. ಎರಡು ಸುತ್ತಿನ ಒಂದು ಹಾಳೆ ಮುದ್ರಿಸಿ. ಅಕ್ಷರ ಬೇಡ, ಮುಖದ ಚಿತ್ರ ಸಾಕು, ಇದ್ದಿಲಿನಿಂದಲೂ ತುಂಬುವ ಹಾಗಿರಲಿ. ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಅದು ಇರಲಿ. ಅವರಿಗೆ ಇನ್ನೊಂದು ಕೆಲಸ ಹೊರಿಸುತ್ತಿದ್ದೇನೆ ಅಂತ ಗೊತ್ತಿದೆ, ಅವರ ಗೌರವಧನದ ಬಗ್ಗೆಯೂ ಯಾರಾದರೂ ಒಂದು ಪತ್ರ ಬರೆಯಬೇಕು. ಹದಿಹರೆಯದವರಿಗೆ ಸ್ನೇಹಾ ಕ್ಲಿನಿಕ್ ಇದೆ, ಶಾಲೆಯಲ್ಲಿ ಶುಚಿ ಯೋಜನೆಯ ಪ್ಯಾಡಿನ ಮಾತು ಬರುತ್ತದೆ. ಅಲ್ಲಿ ರಕ್ತದ ಬಗ್ಗೆ, ಬಟ್ಟೆಯ ಬಗ್ಗೆ, ಸ್ವಚ್ಛತೆಯ ಬಗ್ಗೆ ಹೇಳುತ್ತಾರೆ. ನನ್ನ ಮಗಳು ಈಗ ಎಂಟನೇ ಇಯತ್ತೆ. ಗಣಿತದಲ್ಲಿ ಹುಷಾರು. ಮೊನ್ನೆ ಪರೀಕ್ಷೆಯ ಹಿಂದಿನ ದಿನ ಕಂಪಾಸ್ ಪೆಟ್ಟಿಗೆ ಗೋಡೆಗೆ ಎಸೆದು ಅತ್ತಳು, ಮೂರು ದಿನಕ್ಕೆ ಮುಟ್ಟಾದಳು. ಅವಳಿಗೆ ತನ್ನ ತಲೆ ದಡ್ಡಾಯಿತು ಅನ್ನುವ ಭಯ. ಹಾಗಲ್ಲ ಕೂಸೇ ಅಂತ ನಾನು ಹೇಳಿದೆ. ಹೇಳುವ ತಾಯಿ ಇಲ್ಲದ ಮನೆಗಳಿಗೆ ನಿಮ್ಮ ಕ್ಲಿನಿಕ್ಕೇ ಹೇಳಬೇಕು.

ಇನ್ನೊಂದು, ಖರ್ಚಿಲ್ಲದ್ದು. ಸಿಟ್ಟು, ಅಳು, ನಿದ್ದೆ ಇಲ್ಲ, ಮೈ ಭಾರ ಅಂತ ಹೆಂಗಸು ಬಂದರೆ ಗುಳಿಗೆ ಬರೆಯುವ ಮುಂಚೆ ಆ ಎರಡು ತಾರೀಖು ಕೇಳಿ ಚೀಟಿಯ ಮೇಲೆ ಬರೆಯಲು ನಿಮ್ಮ ವೈದ್ಯರಿಗೆ, ನರ್ಸಮ್ಮಗಳಿಗೆ ಒಂದು ಸುತ್ತೋಲೆ ಕಳಿಸಿ. ಹಿಂದೆ ಹತ್ತು ಜನ ನಿಂತಿರುವ ಕಿಟಕಿಯಲ್ಲಿ ಬೇಡ, ಒಳಗೆ ಕೂಡಿಸಿ ಕೇಳಲಿ. ತೀವ್ರವಾಗಿದ್ದರೆ ಮಂಗಳವಾರ ತಾಲೂಕಿಗೆ ಮನೋವೈದ್ಯರು ಬರುವ ಮನೋಚೈತನ್ಯದ ದಿನಕ್ಕೆ ಕಳಿಸಲಿ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬರೆದು ಕೊಡಲಿ. ಮತ್ತು ಆ ಹಾಳೆಯ ಕೆಳಗೆ ದಪ್ಪಗೆ 14416 ಅಂತ ಅಚ್ಚು ಹಾಕಿಸಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು ಅದು, ಹಗಲುರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ. ಇಪ್ಪತ್ತಾರನೇ ದಿನದ ರಾತ್ರಿ ಮೂರು ಗಂಟೆಗೆ ಹಿತ್ತಲ ಬಾವಿಯ ನೆನಪು ಬರುವವರು ನಮ್ಮಲ್ಲಿದ್ದಾರೆ. ನನಗೆ ಎರಡು ಸಲ ಬಂದಿದೆ, ಕೀರ್ದಿಯಲ್ಲಿ ಅದಕ್ಕೆ ಅಕ್ಷರ ಇಟ್ಟಿಲ್ಲ.

ನನ್ನ ಎರಡು ತಿಂಗಳ ಪುಟಗಳ ನಕಲು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ, ಹೆಸರಿನ ಮೇಲೆ ಕಾಗದ ಅಂಟಿಸಿದೆ. ನೀವು ಕರೆದರೆ ಹಾವೇರಿಗೆ ಬರುತ್ತೇನೆ. ಸೋಮವಾರ, ಗುರುವಾರ ಮಾತ್ರ ಬೇಡ.

ಇಂತಿ ತಮ್ಮ ವಿಶ್ವಾಸಿ,
ದಲಾಲಿ ಅಂಗಡಿಯ ಗುಮಾಸ್ತೆ,
ಬ್ಯಾಡಗಿ

ತಾ.ಕ.: ಇದರ ಕರಡು ಬರೆದದ್ದು ನನ್ನ 24ನೇ ದಿನ. ಕಳಿಸುವ ಮುಂಚೆ ತಣ್ಣಗೆ ಓದೋಣ ಅಂತ ಇಟ್ಟಿದ್ದೆ. ಇವತ್ತು 6ನೇ ದಿನ. ಎರಡು ಶಬ್ದ ಹೊಡೆದು ಹಾಕಿದ್ದೇನೆ.